ಆಮೆ ಮುಚ್ಚಿಡುವ ಕಾಯಿಲೆ, ಮನೆಯವರು ಮುಚ್ಚಿಡುವ ಆಮೆ

ಡಿಸೆಂಬರ್ ಚಳಿ ಹಿಡಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಆಮೆಯ ಸುದ್ದಿ ಹೆಚ್ಚಾಗುತ್ತದೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ನಮ್ಮ ಆಮೆ ಕೆಲವು ದಿನಗಳಿಂದ ಏನೂ ತಿನ್ನುತ್ತಿಲ್ಲ, ಕಣ್ಣು ಮುಚ್ಚಿಕೊಂಡು ಮೂಲೆಯಲ್ಲೇ ಇರುತ್ತದೆ. ಚಳಿಗಾಲದ ನಿದ್ದೆಗೆ ಜಾರಿದೆಯೇ? ಎಬ್ಬಿಸಬೇಕೇ, ಹಾಗೇ ಬಿಡಬೇಕೇ?’ ಬರೆದವರ ಕಾಳಜಿ ನಿಜವಾದದ್ದು. ನಾಯಿಗೆ ಜ್ವರ ಬಂದರೆ ಮುಖ ನೋಡಿಯೇ ಗೊತ್ತಾಗುತ್ತದೆ, ಬೆಕ್ಕು ಹುಷಾರು ತಪ್ಪಿದರೆ ಕೂಗುತ್ತದೆ ಇಲ್ಲವೇ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಆಮೆ ಆರೋಗ್ಯವಾಗಿದ್ದಾಗಲೂ ಸುಮ್ಮನೆ, ಸಾಯುತ್ತಿರುವಾಗಲೂ ಸುಮ್ಮನೆ. ಈ ಎರಡು ಮೌನಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ ಎಂಬುದೇ ಅವರೆಲ್ಲರ ಪ್ರಶ್ನೆ.

ಮೊದಲು ನಿದ್ದೆಯ ಮಾತು ಮುಗಿಸೋಣ. ಯುರೋಪಿನ ಕೆಲವು ನೆಲದಾಮೆಗಳು ಹಿಮಗಾಲವನ್ನು ಮಣ್ಣಿನಡಿ ನಿದ್ರಿಸಿ ಕಳೆಯುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ಸಿಗುವ ನಕ್ಷತ್ರ ಆಮೆಯಾಗಲಿ, ಆಫ್ರಿಕಾ ಮೂಲದ ಸಲ್ಕೇಟಾ ಆಮೆಯಾಗಲಿ ಹಾಗೆ ಮಾಡುವ ಜಾತಿಗಳಲ್ಲ. ಕುರುಚಲು ಕಾಡಿನ ಬಿಸಿಲಿಗೆ ಹುಟ್ಟಿದ ನಕ್ಷತ್ರ ಆಮೆ ಕಡುಬೇಸಿಗೆಯಲ್ಲೂ ಚಳಿಯಲ್ಲೂ ಪೊದೆಯಡಿ ಅಡಗಿ ಓಡಾಟ ಕಡಿಮೆ ಮಾಡೀತು, ಮಳೆ ಬಿದ್ದೊಡನೆ ಚುರುಕಾಗಿ ಹೊರಗೆ ಬರುತ್ತದೆ. ಆದರೆ ವಾರಗಟ್ಟಲೆ ಅನ್ನ ನೀರು ಬಿಟ್ಟು ನಿದ್ರಿಸುವುದಿಲ್ಲ. ಆದ್ದರಿಂದ ಇಂಥ ಪತ್ರಕ್ಕೆ ನನ್ನ ಉತ್ತರ ಯಾವತ್ತೂ ಒಂದೇ: ಅದು ನಿದ್ದೆಯಲ್ಲ. ಒಂದೋ ಅದಕ್ಕೆ ಚಳಿ ತಡೆಯಲಾಗುತ್ತಿಲ್ಲ, ಇಲ್ಲವೇ ಕಾಯಿಲೆ. ಬಹಳ ಸಲ ಎರಡೂ, ಒಂದರ ಹಿಂದೆ ಇನ್ನೊಂದು.

ಆಮೆಯ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ, ಸುತ್ತಲಿನಿಂದ ಪಡೆಯುತ್ತದೆ. ಹೃದಯದ ಬಡಿತ, ಜೀರ್ಣಶಕ್ತಿ, ರೋಗಾಣುಗಳ ಜೊತೆ ಹೋರಾಡುವ ಬಲ ಎಲ್ಲವೂ ಆ ಬಿಸಿಯ ಮೇಲೆ ನಿಂತಿವೆ. ನಕ್ಷತ್ರ ಆಮೆಗೆ ಹಗಲು 26ರಿಂದ 30 ಡಿಗ್ರಿ ಸೆಲ್ಸಿಯಸ್ ಬೇಕು, ಮೈ ಕಾಯಿಸಿಕೊಳ್ಳುವ ಒಂದು ಮೂಲೆ ಅದಕ್ಕಿಂತ ಬೆಚ್ಚಗೆ ಸುಮಾರು 32–35 ಡಿಗ್ರಿ ಇರಬೇಕು. ಬೆಂಗಳೂರಿನ ಜನವರಿ ರಾತ್ರಿಗಳು 15–16ಕ್ಕೆ ಇಳಿಯುತ್ತವೆ. ಮೊಸಾಯಿಕ್ ನೆಲ ಇನ್ನೂ ತಣ್ಣಗೆ. ಆ ನೆಲದ ಮೇಲೆ ಬಿದ್ದುಕೊಂಡ ಆಮೆಯ ಹೊಟ್ಟೆಯಲ್ಲಿ ತಿಂದ ಸೊಪ್ಪು ಕರಗದೆ ಕೊಳೆಯತೊಡಗುತ್ತದೆ. ಮೂಗು ಗಂಟಲುಗಳಲ್ಲಿ ಇಷ್ಟು ದಿನ ತೆಪ್ಪಗಿದ್ದ ಬ್ಯಾಕ್ಟೀರಿಯಾಗಳು ಎದ್ದು ಕೂರುತ್ತವೆ. ಮನೆಯವರಿಗೆ ಕಾಣುವುದು ಮಾತ್ರ ‘ಸುಮ್ಮನಿದೆ’ ಎಂಬಷ್ಟೇ.

ಕಾಯಿಲೆ ಇಷ್ಟು ತಡವಾಗಿ ಕಾಣಿಸಿಕೊಳ್ಳುವುದೂ ಈ ನಿಧಾನದ ಮೈಯಿಂದಲೇ. ಉಣ್ಣದೆ ವಾರಗಟ್ಟಲೆ ಬದುಕಬಲ್ಲ ಜೀವಿ ಉಣ್ಣದಿರುವುದು ಮೊದಲ ವಾರದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಡಿನಲ್ಲಿ ಸೋತಂತೆ ಕಂಡ ಪ್ರಾಣಿಯನ್ನು ಹೊಂಚುವವರು ಹಲವರು, ಹಾಗಾಗಿ ಕೊನೆಯವರೆಗೂ ಏನೂ ಆಗಿಲ್ಲವೆಂಬಂತೆ ಇರುವುದು ಅದರ ರಕ್ತದಲ್ಲೇ ಬಂದಿದೆ. ‘ನಿನ್ನೆವರೆಗೂ ಚೆನ್ನಾಗಿತ್ತು ಡಾಕ್ಟ್ರೇ’ ಎಂದು ತಂದಿಡುವ ಆಮೆಗಳ ಎಕ್ಸ್‌ರೇ ತೆಗೆದರೆ ತಿಂಗಳುಗಳ ಹಳೆಯ ಕಾಯಿಲೆ ಕಾಣುತ್ತದೆ. ಮನೆಯವರು ಸುಳ್ಳು ಹೇಳುತ್ತಿರುವುದಿಲ್ಲ. ಅವರು ನೋಡುತ್ತಿದ್ದದ್ದು ಚಿಪ್ಪನ್ನು, ಚಿಪ್ಪು ಹಾಗೇ ಇತ್ತು.

ಚಿಪ್ಪಿನೊಳಗೆ ನಡೆಯುವುದನ್ನು ಹೇಳಬಲ್ಲ ಒಂದು ಸಾಧನ ನಿಮ್ಮ ಅಡುಗೆಮನೆಯಲ್ಲೇ ಇರಬಹುದು: ಗ್ರಾಂ ಲೆಕ್ಕದಲ್ಲಿ ತೋರಿಸುವ ಡಿಜಿಟಲ್ ತಕ್ಕಡಿ. ಆಮೆಗೆಂದೇ ಒಂದು ಬೇರೆ ಕೊಂಡುಕೊಳ್ಳಿ, ಅಡುಗೆಯದ್ದನ್ನು ಬಳಸಬೇಡಿ. ವಾರಕ್ಕೊಮ್ಮೆ, ಅದೇ ಹೊತ್ತಿಗೆ, ತಿನ್ನಿಸುವ ಮೊದಲು, ನೀರಿಗೆ ಇಳಿಸುವ ಮೊದಲು ತೂಗಿ ಬರೆದಿಡಿ. ಈ ಕ್ರಮ ಏಕೆಂದರೆ ಆಮೆಯ ಮೂತ್ರಕೋಶ ದೊಡ್ಡದು. ಅದು ತುಂಬಿರುವಾಗಿನ ತೂಕಕ್ಕೂ ಖಾಲಿಯಾದ ಮೇಲಿನ ತೂಕಕ್ಕೂ ಗಣನೀಯ ವ್ಯತ್ಯಾಸ ಬರುತ್ತದೆ, ಹೊತ್ತಿಗೊಂದು ಬಗೆಯಲ್ಲಿ ತೂಗಿದರೆ ಲೆಕ್ಕ ನಂಬುವಂತಿರುವುದಿಲ್ಲ. ವಾರದಿಂದ ವಾರಕ್ಕೆ ಅಲ್ಪಸ್ವಲ್ಪ ಏರಿಳಿತ ಇದ್ದೇ ಇರುತ್ತದೆ. ಆದರೆ ಸತತವಾಗಿ ಇಳಿಯುತ್ತಿದ್ದರೆ, ಒಟ್ಟು ಶೇ 10ರಷ್ಟು ಕುಸಿದಿದ್ದರೆ, ಆಮೆ ಎಷ್ಟೇ ಚೆನ್ನಾಗಿ ಕಂಡರೂ ವೈದ್ಯರ ಬಳಿ ಹೋಗಲೇಬೇಕು. ಬೆಳೆಯುವ ಮರಿಯ ತೂಕ ತಿಂಗಳುಗಟ್ಟಲೆ ಏರದೆ ನಿಂತರೆ ಅದೂ ಎಚ್ಚರಿಕೆಯೇ. ಏರಿಕೆಯೂ ಯಾವಾಗಲೂ ಶುಭವಲ್ಲ. ಹೊಟ್ಟೆಯಲ್ಲಿ ಮೊಟ್ಟೆ ಇದ್ದಾಗ ಮಾತ್ರವಲ್ಲ, ಮೂತ್ರಕೋಶದಲ್ಲಿ ಕಲ್ಲು ಬೆಳೆದಾಗಲೂ ತೂಕ ಹೆಚ್ಚುತ್ತದೆ.

ಬ್ರಿಟನ್ನಿನ ಪಶುವೈದ್ಯ ಆಲಿಫಂಟ್ ಜಾಕ್ಸನ್ ಚಿಪ್ಪಿನ ಉದ್ದಕ್ಕೂ ತೂಕಕ್ಕೂ ಇರುವ ಸಂಬಂಧವನ್ನು ಗೆರೆ ಎಳೆದು ತೋರಿಸಿ, ಆಮೆ ಸೊರಗಿದೆಯೇ ಎಂದು ಹೇಳುವ ಕೋಷ್ಟಕವನ್ನು 1980ರಲ್ಲಿ ಪ್ರಕಟಿಸಿದರು. ಅಂತರ್ಜಾಲದಲ್ಲಿ ಅದನ್ನು ಕಂಡು ತಮ್ಮ ನಕ್ಷತ್ರ ಆಮೆಯನ್ನು ಅಳೆದು ಗಾಬರಿಯಾಗುವ ಓದುಗರಿದ್ದಾರೆ. ಆ ಲೆಕ್ಕ ಮೆಡಿಟರೇನಿಯನ್ ಸೀಮೆಯ ಎರಡು ಜಾತಿಗಳಿಗೆಂದು ಮಾಡಿದ್ದು. ಉಬ್ಬು ಉಬ್ಬಾದ ಬೆನ್ನಿನ ನಮ್ಮ ಆಮೆಗೆ ಅದು ಹೊಂದುವುದಿಲ್ಲ. ನಿಮ್ಮ ಆಮೆಗೆ ಸರಿಯಾದ ಅಳತೆ ಅದರದೇ ಹಿಂದಿನ ತಿಂಗಳ ತೂಕ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪಾದ್ರಿ ಗಿಲ್ಬರ್ಟ್ ವೈಟ್ ತನ್ನ ಆಮೆ ಟಿಮೊತಿಯನ್ನು ತೂಗಿ ದಿನಚರಿಯಲ್ಲಿ ಬರೆದಿಡುತ್ತಿದ್ದ. ಟಿಮೊತಿ ಗಂಡಲ್ಲ, ಹೆಣ್ಣು ಎಂದು ಜಗತ್ತಿಗೆ ತಿಳಿದದ್ದು ಅದು ಸತ್ತ ಮೇಲೆ. ಅಷ್ಟು ಸೂಕ್ಷ್ಮವಾಗಿ ನೋಡುತ್ತಿದ್ದವನಿಗೂ ಕಣ್ಣಿಗೆ ಸಿಗದೆ ಹೋದದ್ದಿತ್ತು, ಆದರೆ ತಕ್ಕಡಿಯ ಲೆಕ್ಕ ಇಂದಿಗೂ ಉಳಿದಿದೆ.

ತಕ್ಕಡಿಯ ನಂತರ ನೋಡಬೇಕಾದ್ದು ಮೂಗು. ಆರೋಗ್ಯವಂತ ನೆಲದಾಮೆಯ ಮೂಗು ಒಣಗಿರುತ್ತದೆ. ಅಲ್ಲಿ ನೀರಾಡಿದರೆ, ಉಸಿರು ಬಿಟ್ಟಾಗ ಗುಳ್ಳೆ ಎದ್ದರೆ, ಮುಂಗಾಲಿನ ಮೇಲೆ ಸಿಂಬಳ ಒರೆಸಿದ ಗುರುತಿದ್ದರೆ ‘ನೆಗಡಿ, ತಾನೇ ಹೋಗುತ್ತದೆ’ ಎನ್ನಬೇಡಿ. ನಮಗಿರುವಂಥ ವಪೆ ಆಮೆಗಿಲ್ಲ. ಪಕ್ಕೆಲುಬುಗಳು ಚಿಪ್ಪಿನೊಂದಿಗೆ ಬೆಸೆದುಕೊಂಡಿರುವುದರಿಂದ ಎದೆ ಹಿಗ್ಗುವುದೂ ಇಲ್ಲ. ಕಾಲಿನ ಬುಡದ ಮತ್ತು ಹೊಟ್ಟೆಯ ಸ್ನಾಯುಗಳ ಎಳೆತದಿಂದ ಉಸಿರಾಡುವ ಈ ಪ್ರಾಣಿಗೆ ನಮ್ಮಂತೆ ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ಮೂಗಿನಲ್ಲಿ ಶುರುವಾದದ್ದು ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಕೂರುತ್ತದೆ. ಕುತ್ತಿಗೆ ಉದ್ದಕ್ಕೆ ಚಾಚಿ, ತಲೆ ಮೇಲೆತ್ತಿ, ಬಾಯಿ ತೆರೆದು ಉಸಿರೆಳೆಯುವ ಆಮೆಯನ್ನು ಕೆಲವರು ‘ಆಕಳಿಸುತ್ತಿದೆ’ ಎಂದು ವಿಡಿಯೊ ಮಾಡಿ ಕಳಿಸುತ್ತಾರೆ. ಅದು ಆ ದಿನವೇ ಆಸ್ಪತ್ರೆಗೆ ಸೇರಬೇಕಾದ ಆಮೆ. ಕೆನ್ನೆಯ ಮೇಲೆ ಕೆಂಪು ಪಟ್ಟಿ ಇರುವ, ಅಂಗಡಿಗಳಲ್ಲಿ ಚಿಕ್ಕ ಮರಿಯಾಗಿ ಸಿಗುವ ನೀರಾಮೆಯನ್ನು ಸಾಕಿದ್ದರೆ ಇನ್ನೊಂದು ಗುರುತು ನೆನಪಿಡಿ. ಅದು ನೀರಿನಲ್ಲಿ ಒಂದು ಪಕ್ಕಕ್ಕೆ ವಾಲಿ ತೇಲುತ್ತಿದ್ದರೆ, ಮುಳುಗಲು ಒದ್ದಾಡುತ್ತಿದ್ದರೆ, ಶ್ವಾಸಕೋಶದ ಸೋಂಕು ಅಥವಾ ಹೊಟ್ಟೆಯ ಗಾಳಿ ಇರಬಹುದು. ಅಂಥದ್ದನ್ನು ಆಳದ ನೀರಿನಲ್ಲಿ ಬಿಡಬಾರದು, ನೀರಾಮೆಯೂ ಮುಳುಗಿ ಸಾಯುತ್ತದೆ.

ಕಣ್ಣುಗಳ ವಿಷಯ ಸ್ವಲ್ಪ ಗೊಂದಲದ್ದು. ಒಳಗೆ ಕುಸಿದ ಕಣ್ಣು ನೀರಿನಂಶ ಕಡಿಮೆಯಾದದ್ದಕ್ಕೆ ಸಾಕ್ಷಿ. ಊದಿದ ಕಣ್ಣಿಗೆ ಕಾರಣಗಳು ಹಲವು. ಬರೀ ಒಣ ಸಿಗಡಿ ತಿಂದು ಬೆಳೆದ ನೀರಾಮೆ ಮರಿಯಲ್ಲಿ ಅದು ಹೆಚ್ಚಾಗಿ ಎ ವಿಟಮಿನ್ ಕೊರತೆ. ಸೊಪ್ಪು ತಿನ್ನುವ ನೆಲದಾಮೆಗೆ ಆ ಕೊರತೆ ಅಪರೂಪ, ಅಲ್ಲಿ ಸೋಂಕೋ ದೀಪದ ತೀಕ್ಷ್ಣ ಕಿರಣವೋ ಕಾರಣವಿರುತ್ತದೆ. ಇದು ತಿಳಿಯದೆ ಎಲ್ಲಕ್ಕೂ ವಿಟಮಿನ್ ಚುಚ್ಚುಮದ್ದು ಕೊಡಿಸಿ, ಪ್ರಮಾಣ ಹೆಚ್ಚಾಗಿ, ಕಾಲು ಕುತ್ತಿಗೆಗಳ ಚರ್ಮ ಸುಲಿದು ಬಂದ ಆಮೆಗಳಿಗೆ ನಾನು ಮುಲಾಮು ಹಚ್ಚಿದ್ದೇನೆ. ವಿಟಮಿನ್ ಅಂದರೆ ಹಾನಿಯಿಲ್ಲ ಎಂಬ ನಂಬಿಕೆ ಆಮೆಯ ಮಟ್ಟಿಗೆ ಸುಳ್ಳು.

ಮೂತ್ರವನ್ನೂ ನೋಡಿ. ತೆಳ್ಳಗಿನ ನೀರಿನ ಜೊತೆ ಮೃದುವಾದ ಬಿಳಿ ಪದಾರ್ಥ ಬರುವುದು ಸಹಜ, ಅದು ಯೂರಿಕ್ ಆಮ್ಲದ ಲವಣ. ನೀರು ಉಳಿಸುವುದಕ್ಕೆ ಒಣನಾಡಿನ ಆಮೆ ಕಂಡುಕೊಂಡ ದಾರಿ ಅದು. ಅದೇ ಬಿಳಿ ಮರಳು ಮರಳಾಗಿ, ಗಟ್ಟಿಯಾಗಿ ಬಂದರೆ ಆಮೆ ಬಾಯಾರಿದೆ. ಹಾಗೇ ಬಿಟ್ಟರೆ ಮುಂದೆ ಕಲ್ಲಾಗುತ್ತದೆ. ‘ಇದು ಮರುಭೂಮಿ ಪ್ರಾಣಿ, ನೀರು ಬೇಡ’ ಎಂದು ಮಾರಿದವನು ಹೇಳಿದ್ದನ್ನು ನಂಬಿ ವರ್ಷಗಟ್ಟಲೆ ನೀರಿಡದ ಮನೆಗಳಿವೆ. ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ದಿನವೂ ಹೊಸ ನೀರು ಇಡಬೇಕು. ಮರಿಗಳಿಗಂತೂ ಉಗುರುಬೆಚ್ಚಗಿನ ನೀರಿನ ಸ್ನಾನ ಬೇಕೇ ಬೇಕು.

ಹೀಗೆ ಗುರುತುಗಳನ್ನು ಹೇಳುತ್ತ ಹೋದರೂ, ನನ್ನ ಮೇಜಿನ ಮೇಲೆ ಬರುವ ಬಹುಪಾಲು ಆಮೆಗಳ ರೋಗದ ಮೂಲ ಅವುಗಳ ಮೈಯಲ್ಲಿಲ್ಲ, ಅವುಗಳನ್ನು ಇಟ್ಟ ಜಾಗದಲ್ಲಿದೆ. ಅದಕ್ಕೇ ಆಮೆಗಿಂತ ಮೊದಲು ಅದು ಇರುವ ಪೆಟ್ಟಿಗೆಯ ಫೋಟೊ ಕೇಳುತ್ತೇನೆ. ಕಿಟಕಿಯ ಪಕ್ಕ ಗಾಜಿನ ಅಕ್ವೇರಿಯಂ, ಅದರೊಳಗೆ ಬಣ್ಣದ ಕಲ್ಲು, ಒಂದು ತುಂಡು ಸೌತೆಕಾಯಿ. ‘ಬಿಸಿಲು ಬೀಳುತ್ತದಲ್ಲ’ ಎನ್ನುತ್ತಾರೆ. ಬೀಳುತ್ತದೆ, ಆದರೆ ಆಮೆಗೆ ಬೇಕಾದ ಭಾಗ ಬೀಳುವುದಿಲ್ಲ. ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗಲು ಬೇಕಾದ ಯುವಿಬಿ ಕಿರಣವನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಸೇರುವುದಿಲ್ಲ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ಮೂಳೆಯಿಂದಲೂ ಚಿಪ್ಪಿನಿಂದಲೂ ಕಿತ್ತುಕೊಳ್ಳುತ್ತದೆ. ಒತ್ತಿದರೆ ಬಗ್ಗುವ ಚಿಪ್ಪು, ಗಿಣಿಯ ಕೊಕ್ಕಿನಂತೆ ಬಾಗಿದ ದವಡೆ, ಹೊಟ್ಟೆ ಎತ್ತಿ ನಡೆಯಲಾಗದೆ ತೆವಳುವ ನಡಿಗೆ ಇದರ ಫಲ. ಇದೊಂದು ನಿಧಾನದ ಕ್ರೌರ್ಯ. ಯಾರಿಗೂ ನೋಯಿಸುವ ಮನಸ್ಸಿಲ್ಲದ ಮನೆಯಲ್ಲೇ ಇದು ನಡೆಯುತ್ತದೆ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

ಇದಕ್ಕೆ ಔಷಧಕ್ಕಿಂತ ಮೊದಲು ಬೇಕಾದ್ದು ಗಾಜಿಲ್ಲದ ಬಿಸಿಲು. ಬೆಳಗಿನ ಹೊತ್ತು ಬಾಲ್ಕನಿಯಲ್ಲೋ ತಾರಸಿಯಲ್ಲೋ, ಅರ್ಧ ಜಾಗಕ್ಕೆ ನೆರಳಿರುವಂತೆ, ಹದ್ದು ಕಾಗೆ ಬೀದಿನಾಯಿಗಳು ತಲುಪದಂತೆ ಬಿಡಿ. ಗಾಜಿನ ಪೆಟ್ಟಿಗೆಯ ಸಮೇತ ಬಿಸಿಲಿಗಿಡುವುದು ಮಾತ್ರ ಅತ್ಯಂತ ಅಪಾಯ, ನಿಮಿಷಗಳಲ್ಲಿ ಒಳಗೆ ಬೆಂದುಹೋಗುತ್ತದೆ. ಯುವಿಬಿ ದೀಪ ಬಳಸುವವರು ಒಂದು ವಿಷಯ ತಿಳಿದಿರಬೇಕು. ಆರರಿಂದ ಹನ್ನೆರಡು ತಿಂಗಳಲ್ಲಿ ಅದರ ಯುವಿಬಿ ಬಹಳಷ್ಟು ಕುಂದಿರುತ್ತದೆ, ಬೆಳಕು ಮಾತ್ರ ಮೊದಲಿನಂತೆಯೇ ಉರಿಯುತ್ತಿರುತ್ತದೆ.

ಆಹಾರದ ಬಗ್ಗೆ ನಮ್ಮ ಹಿತ್ತಿಲುಗಳೇ ಸಾಕು. ಗರಿಕೆ, ದಾಸವಾಳದ ಎಲೆ ಮತ್ತು ಹೂವು, ಮುಳ್ಳು ತೆಗೆದ ಪಾಪಸುಕಳ್ಳಿ, ಹಿಪ್ಪುನೇರಳೆ ಎಲೆ, ಸ್ವಲ್ಪ ನುಗ್ಗೆಸೊಪ್ಪು. ಹುಲ್ಲು ನಾರು ಹೆಚ್ಚಿರಲಿ, ಹಣ್ಣು ಕಡಿಮೆಯಿರಲಿ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ದಿನವೂ ಬೇಡ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಅನ್ನ, ನಾಯಿಯ ಬಿಸ್ಕತ್ತು ಎಂದಿಗೂ ಬೇಡ. ಬೆನ್ನಿನ ಚಿಪ್ಪಿನ ಒಂದೊಂದು ಫಲಕವೂ ಗೋಪುರದಂತೆ ಏಳುವುದಕ್ಕೆ ಪ್ರೋಟೀನ್ ಹೆಚ್ಚಾದದ್ದೇ ಕಾರಣ ಎಂದು ಬಹಳ ಕಾಲ ಹೇಳುತ್ತಿದ್ದರು. 2003ರಲ್ಲಿ ಸಲ್ಕೇಟಾ ಮರಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರೋಟೀನ್‌ಗಿಂತ ಗಾಳಿಯ ಒಣತನದ ಪಾತ್ರವೇ ದೊಡ್ಡದೆಂದು ತೋರಿಸಿತು. ನಕ್ಷತ್ರ ಆಮೆಯ ಬೆನ್ನು ಕಾಡಿನಲ್ಲೂ ಸ್ವಲ್ಪ ಉಬ್ಬಾಗಿಯೇ ಇರುತ್ತದೆ, ಅದನ್ನು ಕಂಡು ಹೆದರಬೇಕಿಲ್ಲ. ಮರಿ ಬೆಳೆಯುವಾಗ ಅಡಗುವ ಮೂಲೆಯಲ್ಲಿ ಒಂದಿಷ್ಟು ತೇವ ಉಳಿಯುವಂತೆ ನೋಡಿಕೊಂಡರೆ ಸಾಕು.

ಈಗ ಎಲ್ಲರೂ ಕೇಳುವ ಆ ರಾತ್ರಿಯ ಪ್ರಶ್ನೆ. ಆಮೆ ಹುಷಾರಿಲ್ಲ ಎಂದು ಗೊತ್ತಾಗಿದೆ, ವೈದ್ಯರು ಸಿಗುವುದು ನಾಳೆ. ಏನು ಮಾಡಬೇಕು? ಬೆಚ್ಚಗಿಡಿ. ಪೆಟ್ಟಿಗೆಯ ಒಂದು ಬದಿಗೆ ಹಳೆಯ ಬಗೆಯ ತಂತಿಯ ಬಲ್ಬು ಅಥವಾ ಸೆರಾಮಿಕ್ ಹೀಟರ್ ಹಾಕಿ, ಇನ್ನೊಂದು ಬದಿ ತಂಪಾಗಿರಲಿ, ಸೆಕೆಯಾದರೆ ಅದು ಸರಿದು ಹೋಗುವಂತಿರಬೇಕು. ಎಲ್‌ಇಡಿ ಬಲ್ಬು ಬಿಸಿ ಕೊಡುವುದಿಲ್ಲ. ಹೊಟ್ಟೆಯ ಕೆಳಗೆ ಬಿಸಿ ಪ್ಯಾಡ್ ಇಡಬೇಡಿ, ಸುಟ್ಟರೂ ಅದಕ್ಕೆ ತಟ್ಟನೆ ತಿಳಿಯುವುದಿಲ್ಲ. ಮೈ ಬೆಚ್ಚಗಾದ ಮೇಲೆ, ಗದ್ದಕ್ಕಿಂತ ಕೆಳಗೇ ಇರುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದಿಪ್ಪತ್ತು ನಿಮಿಷ ಕೂರಿಸಿ, ಪಕ್ಕದಲ್ಲೇ ಇರಿ. ಬಹಳಷ್ಟು ಆಮೆಗಳು ಆಗ ತಲೆ ಬಗ್ಗಿಸಿ ದೀರ್ಘವಾಗಿ ನೀರು ಕುಡಿಯುತ್ತವೆ. ಅದನ್ನು ನೋಡುವುದೇ ಒಂದು ನೆಮ್ಮದಿ. ತಲೆ ಎತ್ತಿ ಹಿಡಿಯಲಾಗದಷ್ಟು ಸೋತಿದ್ದರೆ ನೀರಿಗಿಳಿಸುವುದು ಬೇಡ. ಬಾಯಿ ಬಿಡಿಸಿ ತುರುಕಬೇಡಿ. ತಣ್ಣಗಿರುವ, ನೀರಿನಂಶ ಕಳೆದುಕೊಂಡ ಹೊಟ್ಟೆಗೆ ಊಟ ಭಾರವೇ ಹೊರತು ಬಲವಲ್ಲ. ಬೇರೆ ಆಮೆಗಳಿದ್ದರೆ ಅವುಗಳಿಂದ ದೂರವಿಡಿ.

ಔಷಧದಂಗಡಿಗೆ ಹೋಗಲೇಬೇಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ದನ, ಕುರಿ, ನಾಯಿಗಳ ಹುಳಕ್ಕೂ ಉಣ್ಣೆಗೂ ಎಲ್ಲ ಕಡೆ ಬಳಸುವ ಐವರ್‌ಮೆಕ್ಟಿನ್ ಆಮೆಗಳಿಗೆ ವಿಷ. ಅದು ನರಗಳಿಗೆ ಇಳಿದು ಮೈ ನಿತ್ರಾಣವಾಗುತ್ತದೆ, ಉಸಿರೇ ನಿಲ್ಲಬಹುದು. ಊರುಗಳಲ್ಲಿ ‘ಹುಳದ ಔಷಧ’ ಎಂದರೆ ಮೊದಲು ಕೈಗೆ ಸಿಗುವುದೇ ಇದು. ಆಮೆಗೆ ಹುಳವಿದೆಯೇ ಎಂಬುದನ್ನು ಲದ್ದಿ ಪರೀಕ್ಷೆಯಿಂದ ತಿಳಿಯಬೇಕು, ಅದಕ್ಕೆ ಬೇರೆ ಔಷಧಗಳಿವೆ. ಮನುಷ್ಯರ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಅರೆದು ಕೊಡುವುದೂ ಹೀಗೆಯೇ. ಆಮೆಯ ದೇಹ ಔಷಧವನ್ನು ನಮಗಿಂತ ಬಹಳ ನಿಧಾನಕ್ಕೆ ಹೊರಹಾಕುತ್ತದೆ, ಎರಡು ಮೂರು ದಿನಕ್ಕೊಮ್ಮೆ ಕೊಡುವ ಔಷಧಗಳೂ ಇವೆ. ಹಿಂಗಾಲಿನಿಂದ ಹೊರಟ ರಕ್ತ ಮೈಯೆಲ್ಲ ಸುತ್ತುವ ಮುನ್ನ ಮೂತ್ರಪಿಂಡಗಳ ಮೂಲಕ ಹಾದುಹೋಗಬಹುದಾದ್ದರಿಂದ ಆಮೆಗಳ ವೈದ್ಯರು ಚುಚ್ಚುಮದ್ದನ್ನು ಮುಂಗಾಲಿಗೆ ಕೊಡುತ್ತಾರೆ. ನಾಯಿ ಬೆಕ್ಕುಗಳನ್ನಷ್ಟೇ ನೋಡುವ ವೈದ್ಯರಾದರೆ ಈ ಮಾತನ್ನು ವಿನಯದಿಂದ ಕೇಳಿ ತಿಳಿದುಕೊಳ್ಳಿ. ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ. ಗೊತ್ತಿರುವ ಸಹೋದ್ಯೋಗಿಗೆ ಫೋನ್ ಮಾಡುತ್ತಾರೆ, ಇಲ್ಲವೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಬೆಳಗಾಗುವವರೆಗೂ ಕಾಯಬಾರದ ಸಂಗತಿಗಳು ಕೆಲವಿವೆ. ಬಾಲದ ಬುಡದಿಂದ ಕೆಂಪು ಮಾಂಸ ಹೊರಬಂದು ಒಳಗೆ ಹೋಗದಿದ್ದರೆ ಅದನ್ನು ಶುದ್ಧ ಸಲೈನಿನಿಂದ ತೇವವಾಗಿಟ್ಟು ತಕ್ಷಣ ಹೊರಡಿ. ಹೆಣ್ಣಾಮೆ ನೆಲ ಕೆರೆಯುತ್ತ, ತಿಣುಕುತ್ತ, ಮೊಟ್ಟೆಯಿಡಲಾಗದೆ ಸೋತರೂ ಹಾಗೆಯೇ. ಅಗೆಯಲು ಮಣ್ಣೇ ಇಲ್ಲದ ಟೈಲ್ಸ್ ನೆಲದಲ್ಲಿ ಮೊಟ್ಟೆ ಹಿಡಿದಿಟ್ಟುಕೊಂಡು ನರಳುವ ಆಮೆಗಳಿವೆ, ಗಂಡಿನ ಜೊತೆ ಇಲ್ಲದ ಹೆಣ್ಣಿಗೂ ಮೊಟ್ಟೆಯಾಗುತ್ತದೆ. ಇನ್ನು ಚಿಪ್ಪು ಒಡೆಯುವುದು. ಚಿಪ್ಪು ಉಗುರಿನಂಥ ಸತ್ತ ವಸ್ತುವೆಂದು ತಿಳಿದು ಫೆವಿಕ್ವಿಕ್ ಹಾಕಿ ತರುತ್ತಾರೆ. ಮೇಲಿನ ಪದರದ ಕೆಳಗಿರುವುದು ರಕ್ತ ಹರಿಯುವ, ನೋವು ತಿಳಿಯುವ ಮೂಳೆ. ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿದ್ದ, ರಾಬರ್ಟ್ ಕ್ಲೈವ್‌ನ ಕಾಲದ್ದೆಂದು ಹೇಳಲಾಗುತ್ತಿದ್ದ ದೈತ್ಯ ಆಮೆ ಅದ್ವೈತ 2006ರ ಮಾರ್ಚ್‌ನಲ್ಲಿ ತೀರಿಕೊಂಡಿತು. ಅದರ ಕೊನೆಯ ತಿಂಗಳುಗಳ ಸಂಕಟ ಶುರುವಾದದ್ದು ಚಿಪ್ಪಿನ ಬಿರುಕಿನಿಂದ, ಅದರಡಿ ಆದ ಗಾಯದಿಂದ. ತಲೆಮಾರುಗಳನ್ನು ಕಂಡ ಆಮೆಗೂ ಬಿರುಕು ಬಿರುಕೇ.

ಇಷ್ಟೆಲ್ಲ ತಿಳಿದಿದ್ದೂ ಆಸ್ಪತ್ರೆಗೆ ತರದ ಮನೆಗಳಿವೆ. ನಾನು ಈ ಬರಹಕ್ಕೆ ಕೂತದ್ದು ಹೆಚ್ಚಾಗಿ ಅವರಿಗಾಗಿಯೇ. ತರಕಾರಿ ಚೀಲದ ತಳದಲ್ಲಿ, ಟವೆಲ್ಲಿನಡಿ ಒಂದು ನಕ್ಷತ್ರ ಆಮೆ. ಚಿಂತಾಮಣಿ ಕಡೆಯ ಅಜ್ಜಿಯೊಬ್ಬರು ಹಾಗೆ ತಂದಿದ್ದರು. ‘ಹೊಲದಾಗೆ ಸಿಕ್ತು ಸಾಮಿ, ಮೊಮ್ಮಗ ಎತ್ಕೊಂಡು ಬಂದ, ಈಗ ಉಣ್ಣಂಗಿಲ್ಲ’ ಎಂದರು. ಅದು ಉಣ್ಣದೆ ಎಷ್ಟು ದಿನವಾಯಿತೆಂದು ಕೇಳಿದಾಗ ಅವರು ಬಾಗಿಲ ಕಡೆ ನೋಡಿದರು. ಪೊಲೀಸರು ಬರುತ್ತಾರೆಂದು ಊರಲ್ಲಿ ಯಾರೋ ಹೆದರಿಸಿದ್ದರಿಂದ ಬಹಳ ದಿನ ಕಾದಿದ್ದರು. ಪೇಟೆಯ ಮನೆಗಳಲ್ಲಿ ಕಥೆ ಬೇರೆ. ಯಾರೋ ವಾಸ್ತುವಿಗೆ ಒಳ್ಳೆಯದೆಂದರು, ದುಡ್ಡು ಕೊಟ್ಟು ತಂದರು. ಆಮೇಲೆ ಅದು ಅಪರಾಧವೆಂದು ತಿಳಿದು ಮಾತೇ ಆಡುವುದಿಲ್ಲ. ‘ಇದು ನಮ್ಮದಲ್ಲ ಡಾಕ್ಟ್ರೇ, ಪಕ್ಕದ ಮನೆಯವರದ್ದು’ ಎಂದೇ ಮಾತು ಶುರುವಾಗುತ್ತದೆ. ಆಮೆ ತನ್ನ ರೋಗ ಮುಚ್ಚಿಡುತ್ತದೆ, ಮನೆಯವರು ಆಮೆಯನ್ನೇ ಮುಚ್ಚಿಡುತ್ತಾರೆ. ಎರಡರ ನಡುವೆ ಚಿಕಿತ್ಸೆಯ ಹೊತ್ತು ಕಳೆದುಹೋಗುತ್ತದೆ.

ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಅಪರಾಧ. 2019ರಲ್ಲಿ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಅದು ಸೇರಿದ್ದರಿಂದ ಕಾಡಿನಿಂದ ಹಿಡಿದ ನಕ್ಷತ್ರ ಆಮೆಗಳನ್ನು ದೇಶದಿಂದ ದೇಶಕ್ಕೆ ವ್ಯಾಪಾರಕ್ಕಾಗಿ ಸಾಗಿಸಲು ಅವಕಾಶವಿಲ್ಲ. ಕರ್ನಾಟಕ, ಆಂಧ್ರ ಗಡಿಯ ಹೊಲಬೇಲಿಗಳಿಂದ ಎತ್ತಿ, ಕಾಲು ಅಲುಗದಂತೆ ಟೇಪು ಸುತ್ತಿ, ಸೂಟ್‌ಕೇಸಿನಲ್ಲಿ ಜೋಡಿಸಿ ವಿಮಾನ ಹತ್ತಿಸುವ ದಂಧೆ ಎಷ್ಟು ದೊಡ್ಡದೆಂದರೆ, 2018ರ ನವೆಂಬರ್‌ನಲ್ಲಿ 51 ನಕ್ಷತ್ರ ಆಮೆಗಳು ಸಿಂಗಪುರದಿಂದ ಕರ್ನಾಟಕಕ್ಕೆ ವಾಪಸು ಬಂದವು. ಮನೆಯೊಂದರಲ್ಲಿ ಮುದ್ದಿನಿಂದ ಸಾಕಿದ ಆಮೆಗೂ ಆ ಸೂಟ್‌ಕೇಸಿಗೂ ಸಂಬಂಧವಿಲ್ಲ ಎಂದು ಅನಿಸಬಹುದು. ಕೊಳ್ಳುವ ಮನೆಗಳಿರುವುದರಿಂದಲೇ ಹಿಡಿಯುವ ಕೈಗಳಿವೆ. ವಿದೇಶಿ ಮೂಲದ ಸಲ್ಕೇಟಾದಂಥ ಜಾತಿಗಳನ್ನು ಸಾಕುವವರು ಅವನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ಅದನ್ನೂ ಎಷ್ಟೋ ಮಂದಿ ಮಾಡಿಲ್ಲ.

ಮನೆಯಲ್ಲಿ ನಕ್ಷತ್ರ ಆಮೆ ಇದ್ದು, ಅದು ಹುಷಾರಿಲ್ಲದಿದ್ದರೆ, ಅಥವಾ ಹುಷಾರಾಗಿಯೇ ಇದ್ದರೂ, ಅರಣ್ಯ ಇಲಾಖೆಗೆ ಒಪ್ಪಿಸಿ. ಇಲಾಖೆಯ ಸಹಾಯವಾಣಿ 1926. ತಾವಾಗಿ ತಂದು ಒಪ್ಪಿಸಿದವರನ್ನು ಕಳ್ಳರಂತೆ ಕಂಡದ್ದನ್ನು ನಾನು ನೋಡಿಲ್ಲ. ಇಲಾಖೆಯೂ ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ, ಹಳ್ಳಿಹಳ್ಳಿಗೆ ತಲುಪುವಂತೆ ಹೇಳಬೇಕು ಎಂಬುದು ನನ್ನ ಬಹುಕಾಲದ ಒತ್ತಾಯ. ಶಿಕ್ಷೆಯ ಭಯ ಕಳ್ಳಸಾಗಣೆದಾರನಿಗೆ ಮುಟ್ಟಬೇಕು, ಮೊಮ್ಮಗ ಎತ್ತಿ ತಂದ ಆಮೆಯನ್ನು ಬದುಕಿಸಬೇಕೆಂದು ಬಸ್ಸು ಹತ್ತಿದ ಅಜ್ಜಿಗಲ್ಲ.

ಒಂದು ಮಾತ್ರ ಮಾಡಬೇಡಿ. ಹೆದರಿಕೆಗೋ ಕರುಣೆಗೋ, ರಾತ್ರೋರಾತ್ರಿ ಅದನ್ನು ಕುರುಚಲು ಕಾಡಿಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಬರಬೇಡಿ. ನೆಲದಾಮೆಗೆ ಈಜು ಬರುವುದಿಲ್ಲ, ಕಲ್ಯಾಣಿಯಲ್ಲಿ ಮುಳುಗುತ್ತದೆ. ಕಾಡಿಗೆ ಬಿಟ್ಟರೆ ಅದರ ಜೊತೆ ಅದರ ರೋಗವೂ ಕಾಡಿಗೆ ಹೋಗುತ್ತದೆ. ಅಮೆರಿಕದ ಮೊಹಾವಿ ಮರುಭೂಮಿಯ ಆಮೆಗಳಲ್ಲಿ 1980ರ ದಶಕದ ಕೊನೆಯಲ್ಲಿ ಮೂಗು ಸೋರುವ ಕಾಯಿಲೆ ಹರಡಿತು. ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನ ಆ ಸೋಂಕು ಹಬ್ಬಲು ಮನೆಗಳಲ್ಲಿ ಸಾಕಿ ಬಿಟ್ಟ ಆಮೆಗಳೂ ಕಾರಣವಿರಬಹುದೆಂಬ ಶಂಕೆ ಬಲವಾಗಿದೆ. 1990ರಲ್ಲಿ ಆ ಆಮೆಯನ್ನು ಅಪಾಯದಲ್ಲಿರುವ ಜೀವಿಯೆಂದು ಅಲ್ಲಿನ ಸರ್ಕಾರ ಘೋಷಿಸಬೇಕಾಯಿತು. ಸಿಂಗಪುರದಿಂದ ಬಂದಂಥ ಆಮೆಗಳನ್ನು ಮೊದಲು ಪ್ರತ್ಯೇಕವಾಗಿಟ್ಟು, ಪರೀಕ್ಷಿಸಿ, ಆಮೇಲಷ್ಟೇ ಕಾಡಿನ ಮಾತಾಡುವುದು ಈ ಕಾರಣಕ್ಕೆ. ಕೆಂಪು ಕೆನ್ನೆಯ ನೀರಾಮೆಯನ್ನು ಕೆರೆಗೆ ಬಿಟ್ಟವರು ನಮ್ಮ ಕೆರೆಯಾಮೆಗಳ ಅನ್ನಕ್ಕೂ ಬಿಸಿಲುಕಲ್ಲಿಗೂ ಪೈಪೋಟಿ ತಂದಿಟ್ಟಿದ್ದಾರೆ.

ಮಕ್ಕಳಿರುವ ಮನೆಯವರು ಕೇಳುವ ಒಂದು ಪ್ರಶ್ನೆ ಉಳಿದಿದೆ. ಆಮೆಯಿಂದ ನಮಗೆ ರೋಗ ಬರುತ್ತದೆಯೇ? ಆರೋಗ್ಯವಾಗಿ ಕಾಣುವ ಆಮೆಯ ಲದ್ದಿಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ಮರಿಯಾಮೆಗಳನ್ನು ಮಕ್ಕಳು ಬಾಯಿಗಿಡುತ್ತಾರೆಂಬ ಕಾರಣಕ್ಕೇ ಅಮೆರಿಕದಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುಪ್ರಾಣಿಯಾಗಿ ಮಾರುವುದನ್ನು 1975ರಲ್ಲಿ ನಿಷೇಧಿಸಿದರು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಪಾತ್ರೆ ತೊಳೆಯುವ ಸಿಂಕಿನಲ್ಲಿ ಅದರ ತಟ್ಟೆ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಮುಟ್ಟದಿರುವುದೇ ಒಳ್ಳೆಯದು.

ಸತ್ತಿದೆ ಎಂದು ಮಣ್ಣು ಮಾಡಲು ಹೊರಟವರಿಗೂ ಒಂದು ಮಾತು. ತಣ್ಣಗಾದ ಆಮೆಯ ಹೃದಯ ಎಷ್ಟು ನಿಧಾನಕ್ಕೆ ಬಡಿಯುತ್ತದೆಂದರೆ ಸ್ಟೆತಸ್ಕೋಪಿಗೆ ಏನೂ ಕೇಳಿಸದಿರಬಹುದು. ಡಾಪ್ಲರ್ ಅಥವಾ ಇಸಿಜಿ ಇಟ್ಟು ನೋಡದೆ ನಾನು ಯಾವ ಆಮೆಯನ್ನೂ ಸತ್ತಿದೆ ಎನ್ನುವುದಿಲ್ಲ. ಕಾಲು ಎಳೆದರೆ ಹಿಂದಕ್ಕೆ ಸೆಳೆದುಕೊಳ್ಳುತ್ತಿಲ್ಲವೆಂದು ಕೈಬಿಡಬೇಡಿ, ಬೆಚ್ಚಗೆ ಮಾಡಿ ಕರೆತನ್ನಿ.

ಬರುವಾಗ ತೂಕ ಬರೆದ ಚೀಟಿ, ಇರುವ ಜಾಗದ ಫೋಟೊ, ದಿನವೂ ಏನು ತಿನ್ನುತ್ತದೆಂಬ ವಿವರ, ಸಾಧ್ಯವಾದರೆ ಚಿಕ್ಕ ಡಬ್ಬಿಯಲ್ಲಿ ಆ ದಿನದ ಲದ್ದಿ ತನ್ನಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಪಕ್ಕಕ್ಕಿಟ್ಟು ತನ್ನಿ. ಎಲ್ಲಿಂದ ಬಂತು, ಎಷ್ಟು ಕಾಲದಿಂದ ನಿಮ್ಮಲ್ಲಿದೆ, ಮನೆಯಲ್ಲಿ ಏನೇನು ಔಷಧ ಕೊಟ್ಟಾಯಿತು ಎಂದು ಕೇಳಿದಾಗ ನಡೆದದ್ದನ್ನು ನಡೆದ ಹಾಗೇ ಹೇಳಿ. ಹೊಲದಿಂದ ಬಂದ ಆಮೆಯ ಹೊಟ್ಟೆಯಲ್ಲಿ ನಾವು ಹುಡುಕುವುದು ಒಂದು, ಅಂಗಡಿಯಲ್ಲಿ ನೂರಾರರ ನಡುವೆ ಇದ್ದು ಬಂದ ಆಮೆಯಲ್ಲಿ ಹುಡುಕುವುದು ಇನ್ನೊಂದು. ನಮ್ಮ ಚಿಕಿತ್ಸೆಯ ದಿಕ್ಕು ಆ ಉತ್ತರದಿಂದಲೇ ಶುರುವಾಗುತ್ತದೆ.